ಕೊಳೆ ಹೊರುವ ನೀರು

ಕರಾವಳಿಯ ಮನೆಗಳಲ್ಲಿ ಮೊದಲ ಮಳೆಯ ನೀರನ್ನು ಯಾರೂ ಹಿಡಿದಿಡುವುದಿಲ್ಲ. ಹಂಚಿನ ಮಾಡಿನಿಂದ ಇಳಿಯುವ ಆ ನೀರಿನಲ್ಲಿ ಬೇಸಗೆಯಿಡೀ ಕೂತ ಧೂಳು, ಒಣಗಿದ ಪಾಚಿ, ಹಕ್ಕಿಯ ಹಿಕ್ಕೆ, ತರಗೆಲೆಯ ಪುಡಿ ಎಲ್ಲವೂ ಇರುತ್ತದೆ. ಅಂಗಳಕ್ಕೆ ಬಿದ್ದ ಮೇಲೆ ಮುರಕಲ್ಲಿನ ಕೆಂಪೂ ಸೇರಿಕೊಂಡು, ತೋಡಿಗೆ ಇಳಿಯುವ ಹೊತ್ತಿಗೆ ಅದು ಪೂರ್ತಿ ರಾಡಿ. ಆಗಲೇ ತಲೆಯೆತ್ತಿ ಹಲಸಿನ ಮರವನ್ನು ನೋಡಬೇಕು. ನಿನ್ನೆಯವರೆಗೆ ಧೂಳು ಮೆತ್ತಿ ಮಂಕಾಗಿದ್ದ ಎಲೆಗಳು ಒಂದೊಂದೂ ಕಡುಹಸಿರಾಗಿ ಮಿನುಗುತ್ತಿರುತ್ತವೆ.

ಮೇಲಿನಿಂದ ತಿಳಿಯಾಗಿ ಬಂದದ್ದು ಕೆಳಗೆ ಕದಡಿ ಹೋಗುತ್ತದೆ. ಎಲೆಯ ಮೇಲಿನ ಕೊಳೆ ಮಾಯವಾಗಲಿಲ್ಲ, ನೀರು ಅದನ್ನು ತನ್ನ ಮೇಲೆ ಹಾಕಿಕೊಂಡಿತು. ಪಾಪಕ್ಷಮೆಯ ಬಗ್ಗೆ ಚಿಕ್ಕಂದಿನಿಂದ ಇಗರ್ಜಿಯಲ್ಲಿ ಕೇಳುತ್ತ ಬೆಳೆದವಳು ನಾನು. ಕೇಳಿದ ಪ್ರಬೋಧನೆಗಳಿಗೆಲ್ಲ ಈ ತೋಡಿನ ನೀರು ಒಂದು ತಿಳಿವಳಿಕೆಯನ್ನು ಸೇರಿಸಿತು: ತೊಳೆಯುವುದೆಂದರೆ ಇಲ್ಲವಾಗಿಸುವುದಲ್ಲ. ಕೊಳೆ ಒಂದನ್ನು ಬಿಡಬೇಕಾದರೆ ಇನ್ನೊಂದು ಅದನ್ನು ಹೊರಬೇಕು. ಕ್ಷಮೆಗೆ ಬೆಲೆ ಇದೆ, ಆ ಬೆಲೆಯನ್ನು ತೆರುವವನು ಕ್ಷಮಿಸುವವನೇ.

ಮಳೆಹನಿ ಹುಟ್ಟುವ ಬಗೆಯಲ್ಲೇ ಇದರ ಸುಳಿವಿದೆ. ಆಕಾಶದಲ್ಲಿ ನೀರಾವಿ ತನ್ನಷ್ಟಕ್ಕೆ ತಾನೇ ಹನಿಗಟ್ಟುವುದಿಲ್ಲ. ಅದು ಕೂರುವುದಕ್ಕೆ ಒಂದು ಕಣ ಬೇಕು, ಧೂಳಿನದೋ ಹೊಗೆಯದೋ ಕಡಲಿನ ಉಪ್ಪಿನದೋ. ಭೂಮಿಗೆ ಇಳಿದು ಕೊಳೆಯನ್ನು ಮುಟ್ಟುವ ಮೊದಲೇ ಹನಿಯು ಭೂಮಿಯ ಒಂದು ಕಣವನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ. ದೇವರು ಮನುಷ್ಯನಾಗಿ ಹುಟ್ಟಿಬಂದರೆಂದು ನಂಬುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಮಣ್ಣನ್ನು ದೂರದಿಂದ ನೋಡಿ ಮರುಕಪಟ್ಟ ಕೃಪೆ ಅದಲ್ಲ. ಮಣ್ಣನ್ನು ಮೈಯಾಗಿ ತೊಟ್ಟುಕೊಂಡೇ ಇಳಿದು ಬಂದ ಕೃಪೆ.

ಜೋರ್ಡನ್ ನದಿಯ ದಡದಲ್ಲಿ ನಡೆದದ್ದೂ ಅದೇ. ಸ್ನಾನಿಕ ಯೋವಾನ್ನ ಅಲ್ಲಿ ನಿಂತು ಜನರಿಗೆ ದೀಕ್ಷಾಸ್ನಾನ ಕೊಡುತ್ತಿದ್ದ. ಬಂದವರು ತಂತಮ್ಮ ಪಾಪಗಳನ್ನು ಹೇಳಿಕೊಂಡು ನೀರಿಗಿಳಿಯುತ್ತಿದ್ದರು. ಸುಂಕದವರು ಬಂದರು, ಸೈನಿಕರು ಬಂದರು. ಯೇಸುಸ್ವಾಮಿಯೂ ಅವರ ನಡುವೆ ಬಂದು ನಿಂತರು. ಅವರಿಂದ ತಾನು ಪಡೆಯಬೇಕಾದ್ದನ್ನು ಅವರಿಗೆ ತಾನು ಕೊಡುವುದೆಂತು ಎಂದು ಯೋವಾನ್ನ ಹಿಂಜರಿದ. ಅವರು ಕೇಳಲಿಲ್ಲ. ತೊಳೆದುಕೊಳ್ಳಬೇಕಾದ್ದು ಏನೂ ಇಲ್ಲದವರು, ಊರಿನವರೆಲ್ಲ ತಮ್ಮ ಕೊಳೆ ಬಿಟ್ಟುಹೋದ ನೀರಿಗೆ ಇಳಿದರು. ಶಿಲುಬೆಯ ಮೇಲೆ ಮುಗಿದ ಕೆಲಸ ಆರಂಭವಾದದ್ದು ಈ ನೀರಿನಲ್ಲಿ ಎಂದು ನನ್ನ ನಂಬಿಕೆ.

ಆ ನದಿಯ ದಾರಿಯನ್ನು ನಕ್ಷೆಯಲ್ಲಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಜೋರ್ಡನ್ನಿನ ಮೂಲಗಳು 2,814 ಮೀಟರ್ ಎತ್ತರದ ಹೆರ್ಮೋನ್ ಪರ್ವತದ ಬುಡದಲ್ಲಿವೆ. ಪರ್ವತದ ಹಿಮ ಕರಗಿ, ಸುಣ್ಣಕಲ್ಲಿನೊಳಗೆ ಇಂಗಿ, ದಾನ್ ಮತ್ತು ಬಾನಿಯಾಸ್ ಎಂಬ ಒರತೆಗಳಲ್ಲಿ ಹೊರಗೆ ಬರುತ್ತದೆ. ಅಲ್ಲಿಂದ ಗಲಿಲೇಯ ಸರೋವರಕ್ಕೆ, ಮತ್ತೆ ಅಂಕುಡೊಂಕಾಗಿ ತಗ್ಗಿಗೆ ತಗ್ಗಿಗೆ ಹರಿದು ಕೊನೆಗೆ ಮೃತಸಮುದ್ರಕ್ಕೆ. ಮೃತಸಮುದ್ರದ ದಡ ಕಡಲಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದೆ. ಒಣನೆಲದ ಮೇಲೆ ಅದಕ್ಕಿಂತ ತಗ್ಗಿನ ಜಾಗ ಈ ಭೂಮಿಯಲ್ಲಿ ಬೇರೆ ಇಲ್ಲ. ಯೇಸುಸ್ವಾಮಿ ದೀಕ್ಷಾಸ್ನಾನ ಪಡೆದರೆಂದು ಪರಂಪರೆ ತೋರಿಸುವ ಅಲ್-ಮಗ್ತಾಸ್ ಇರುವುದು ಈ ಮೃತಸಮುದ್ರದಿಂದ ಕೆಲವೇ ಕಿಲೋಮೀಟರ್ ಉತ್ತರಕ್ಕೆ. ಹಿಮದ ಬಿಳುಪಿನಲ್ಲಿ ಹೊರಟ ನೀರು ಲೋಕದ ಅತಿ ತಗ್ಗಿನ ನೆಲಕ್ಕೆ ಬಂದು, ಮಣ್ಣು ಕಲಸಿಕೊಂಡು ಕಂದಾಗಿರುವ ಕಡೆಯಲ್ಲಿ ಅವರು ಇಳಿದರು. ಅದಕ್ಕಿಂತ ಕೆಳಗೆ ಬಿದ್ದವರು ಯಾರೂ ಇರಲಾರರು.

ಅದೇ ಜೋರ್ಡನ್ನನ್ನು ಅದಕ್ಕೂ ನೂರಾರು ವರ್ಷ ಮೊದಲು ಒಬ್ಬ ದಂಡನಾಯಕ ತಿರಸ್ಕರಿಸಿದ್ದ. ಸಿರಿಯಾದ ನಾಮಾನನಿಗೆ ಕುಷ್ಠ. ಜೋರ್ಡನ್ನಿನಲ್ಲಿ ಏಳು ಸಲ ಮುಳುಗಿ ಬಾ ಎಂದು ಪ್ರವಾದಿ ಎಲೀಷ ಹೇಳಿಕಳಿಸಿದಾಗ ಅವನಿಗೆ ಸಿಟ್ಟು ಬಂತು. ದಮಸ್ಕದ ಅಬಾನ, ಪರ್ಪರ್ ನದಿಗಳು ಇದಕ್ಕಿಂತ ಚೆನ್ನಾಗಿಲ್ಲವೇ ಎಂದು ಮುಖ ತಿರುಗಿಸಿಕೊಂಡು ಹೊರಟ. ಬುದ್ಧಿ ಹೇಳಿ ತಿರುಗಿಸಿದವರು ಅವನ ಆಳುಗಳು. ಮುಳುಗಿ ಎದ್ದಾಗ ಮೈ ಮಗುವಿನದಾಗಿತ್ತು. ಈ ಕತೆಯಲ್ಲಿ ನನಗೆ ಅತಿ ಪ್ರಿಯವಾದದ್ದು ಮುಂದಿನ ಸಂಗತಿ. ಗುಣವಾದ ಮೇಲೆ ನಾಮಾನ್ ಎರಡು ಹೇಸರಗತ್ತೆ ಹೊರುವಷ್ಟು ಆ ನಾಡಿನ ಮಣ್ಣನ್ನು ಬೇಡುತ್ತಾನೆ, ತನ್ನೂರಿನಲ್ಲಿ ಆ ಮಣ್ಣಿನ ಮೇಲೆ ನಿಂತು ದೇವರನ್ನು ಆರಾಧಿಸುವುದಕ್ಕಾಗಿ. ನೀರನ್ನೇ ಹಳಿದವನು ಮಣ್ಣನ್ನು ಹೊತ್ತುಕೊಂಡು ಹೋದ. ಕ್ಷಮೆ ಪಡೆದವನಿಗೆ ತಾನು ನಿಂತ ನೆಲದ ಮೇಲೆ ಹೊಸ ಗೌರವ ಹುಟ್ಟುತ್ತದೆ.

ಹಳೆಯ ಒಡಂಬಡಿಕೆಯ ಶುದ್ಧೀಕರಣಗಳಲ್ಲಿ ಹಲವು ಹೀಗೇ ಗಿಡ, ಹಕ್ಕಿ, ನೀರು, ಮಣ್ಣಿನ ಜೊತೆ ನಡೆಯುತ್ತವೆ. ಕುಷ್ಠ ವಾಸಿಯಾದವನನ್ನು ಮತ್ತೆ ಊರೊಳಗೆ ಸೇರಿಸಿಕೊಳ್ಳುವ ವಿಧಿಯನ್ನು ಯಾಜಕಕಾಂಡ ವಿವರವಾಗಿ ಹೇಳುತ್ತದೆ. ಎರಡು ಹಕ್ಕಿಗಳನ್ನು ತರಬೇಕು. ಮಣ್ಣಿನ ಪಾತ್ರೆಯಲ್ಲಿ ಹರಿಯುವ ನೀರು ತುಂಬಿ, ಅದರ ಮೇಲೆ ಒಂದು ಹಕ್ಕಿಯನ್ನು ಕೊಯ್ಯಬೇಕು. ಜೀವಂತವಾಗಿರುವ ಇನ್ನೊಂದನ್ನು ದೇವದಾರಿನ ಕಟ್ಟಿಗೆ, ಕೆಂಪು ದಾರ, ಹಿಸ್ಸೋಪು ಗಿಡದ ಜೊತೆ ಆ ನೆತ್ತರಲ್ಲಿ ಅದ್ದಬೇಕು. ಗುಣವಾದವನ ಮೇಲೆ ಏಳು ಸಲ ಚಿಮುಕಿಸಿ, ಆಮೇಲೆ ಆ ಹಕ್ಕಿಯನ್ನು ಬಯಲಿನಲ್ಲಿ ಹಾರಲು ಬಿಡಬೇಕು. ಹಾರಿಹೋಗುವ ಆ ಪುಟ್ಟ ಜೀವದ ರೆಕ್ಕೆಗೆ ಇನ್ನೊಂದರ ನೆತ್ತರು ಅಂಟಿರುತ್ತದೆ. ಬಿಡುಗಡೆ ಸಿಕ್ಕಿತು, ಅದು ಬಿಟ್ಟಿ ಸಿಕ್ಕಿದ್ದಲ್ಲ. ನನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದು ಹಗುರಾಗುವಾಗಲೆಲ್ಲ ಈ ಎರಡನೆಯ ಹಕ್ಕಿಯ ನೆನಪು ನನ್ನನ್ನು ಗಂಭೀರಳನ್ನಾಗಿ ಮಾಡುತ್ತದೆ.

ಆ ಹಿಸ್ಸೋಪು ಎಂಬ ಗಿಡದ ಮೇಲೂ ನನಗೆ ವಿಶೇಷ ಅಕ್ಕರೆ. ಗೋಡೆಯ ಸಂದಿಯಲ್ಲಿ ಬೆಳೆಯುವ ಬಡ ಗಿಡ ಅದು. ಅರಸ ಸೊಲೊಮೋನ ಲೆಬನೋನಿನ ದೇವದಾರಿನಿಂದ ಗೋಡೆಯ ಹಿಸ್ಸೋಪಿನ ತನಕ ಎಲ್ಲ ಗಿಡಮರಗಳ ಬಗ್ಗೆ ಮಾತಾಡಬಲ್ಲವನಾಗಿದ್ದ ಎನ್ನುವಾಗ, ದೊಡ್ಡದರ ತುದಿಯಲ್ಲಿ ದೇವದಾರು, ಚಿಕ್ಕದರ ತುದಿಯಲ್ಲಿ ಇದು. ತುಳಸಿ, ದೊಡ್ಡಪತ್ರೆಗಳ ಕುಟುಂಬಕ್ಕೇ ಸೇರಿದ, ಕಾಡುಪುದಿನದಂತೆ ಘಮ್ಮೆನ್ನುವ ಒಂದು ಗಿಡವೇ ಅದಾಗಿರಬೇಕು ಎಂಬುದು ಸಸ್ಯಗಳನ್ನು ಬಲ್ಲ ಹಲವರ ಅಭಿಪ್ರಾಯ. ಈಜಿಪ್ಟಿನಿಂದ ಬಿಡುಗಡೆಯಾದ ರಾತ್ರಿ ಬಾಗಿಲ ಚೌಕಟ್ಟಿಗೆ ಕುರಿಮರಿಯ ರಕ್ತ ಹಚ್ಚಿದ್ದು ಇದರ ಕಟ್ಟಿನಿಂದ. ತಪ್ಪು ಮಾಡಿ ಕುಸಿದ ದಾವೀದ ತನ್ನ ಕೀರ್ತನೆಯಲ್ಲಿ ಬೇಡಿಕೊಂಡದ್ದು ಇದರಿಂದ ಶುದ್ಧಿಯಾಗಲೆಂದು. ಶಿಲುಬೆಯ ಮೇಲೆ ಬಾಯಾರಿದ ಯೇಸುಸ್ವಾಮಿಯ ತುಟಿಗೆ ಹುಳಿರಸದ ಸ್ಪಂಜನ್ನು ಎತ್ತಿ ಹಿಡಿದದ್ದೂ ಇದರ ಕಡ್ಡಿಯಲ್ಲೇ ಎಂದು ಸಂತ ಯೋವಾನ್ನರ ಶುಭಸಂದೇಶ ಹೇಳುತ್ತದೆ. ದೇವದಾರಿನ ಎತ್ತರಕ್ಕೆ ಕೈ ನಿಲುಕದವರಿಗೂ ಗೋಡೆಯ ಗಿಡ ನಿಲುಕುತ್ತದೆ. ಕ್ಷಮೆ ಎಲ್ಲರ ಕೈಗೆಟುಕುವಲ್ಲಿ ಬೆಳೆಯಬೇಕೆಂಬುದು ದೇವರ ಇಚ್ಛೆ.

ಇಷ್ಟಾದರೂ ನಮ್ಮ ಪಾಲಿನ ಕೆಲಸ ಒಂದಿದೆ. ಅದರ ಕಾಲ ತಪಸ್ಸುಕಾಲ. ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ತೆಂಗಿನ ಎಳೆಗರಿ ಅಷ್ಟರಲ್ಲಿ ಒಣಗಿ ಸುರುಟಿರುತ್ತದೆ. ಅದನ್ನು ಇಗರ್ಜಿಗೆ ಮರಳಿಸುತ್ತೇವೆ. ಬೂದಿ ಬುಧವಾರ ಅದನ್ನೇ ಸುಟ್ಟ ಬೂದಿ ನಮ್ಮ ಹಣೆಗೆ ಬರುತ್ತದೆ. ಜಯಕಾರ ಕೂಗಿದ ಕೈಯ ಗರಿಯೇ ಪಶ್ಚಾತ್ತಾಪದ ಗುರುತಾಗುತ್ತದೆ. ನಮ್ಮ ಕಡೆ ಅದು ಗೇರು ಹೂಬಿಟ್ಟು, ಮಾವು ಮಿಡಿಗಟ್ಟಿ, ಬಾವಿಯ ನೀರು ದಿನದಿನಕ್ಕೆ ತಳ ಹಿಡಿಯತೊಡಗುವ ಸಮಯ. ಪಾಸ್ಕ ಹಬ್ಬ ಕಳೆದು ನೀರು ಮೊಣಕಾಲುದ್ದಕ್ಕೆ ಇಳಿದಾಗ ಬಾವಿಯ ಹೂಳು ತೆಗೆಸುವ ಕೆಲಸ ಶುರು.

ಆ ಕೆಲಸವನ್ನು ನಾನು ಬಾವಿಕಟ್ಟೆಗೆ ಒರಗಿ ಎಷ್ಟೋ ಬೇಸಗೆ ನೋಡಿದ್ದೇನೆ. ಮೊದಲು ಹಗ್ಗದ ತುದಿಗೆ ಉರಿಯುವ ದೀಪ ಕಟ್ಟಿ ಇಳಿಸುತ್ತಾರೆ. ಅದು ಆರದೆ ಉರಿದರೆ ಮಾತ್ರ ಆಳು ಇಳಿಯುವುದು. ತಲೆಗೆ ಮುಟ್ಟಾಳೆ, ಸೊಂಟಕ್ಕೆ ಬೈರಾಸು, ಗೋಡೆಯ ಮುರಕಲ್ಲಿನ ಮೆಟ್ಟುಗಳಲ್ಲಿ ಹೆಬ್ಬೆರಳೂರಿ ಇಳಿದುಹೋದವನ ದನಿ ಆಮೇಲೆ ಬೇರೆ ಲೋಕದಿಂದ ಬಂದ ಹಾಗೆ ಕೇಳುತ್ತದೆ. ಇದ್ದಬದ್ದ ನೀರನ್ನು ಪಂಪು ಹಚ್ಚಿ ಹೊರಗೆ ಬಿಡುತ್ತಾರೆ. ಅದುವರೆಗೆ ತಿಳಿಯಾಗಿ ಕಾಣುತ್ತಿದ್ದ ಬಾವಿ ಕಾಲಿಟ್ಟ ಕೂಡಲೇ ಕಪ್ಪಾಗಿ ಕದಡುತ್ತದೆ. ಬುಟ್ಟಿ ಬುಟ್ಟಿ ಕೆಸರು ರಾಟೆಯಲ್ಲಿ ಕಿರುಗುಟ್ಟುತ್ತ ಮೇಲೆ ಬರುತ್ತದೆ. ಅದರಲ್ಲಿ ಕೊಳೆತ ಎಲೆ, ತೆಂಗಿನ ಗರಟೆ, ತಳ ಕಿತ್ತ ಕೊಡಪಾನ, ಯಾವಾಗಲೋ ಕಳೆದುಹೋಗಿ ಮನೆಯವರೆಲ್ಲ ಮರೆತ ಒಂದು ಹಿತ್ತಾಳೆ ಚೊಂಬು. ಅಮ್ಮ ಗಾಬರಿಯಾಗಿ, “ಇದೇನು ಮಾರಾಯ, ಇದ್ದ ನೀರೂ ಹಾಳಾಯಿತಲ್ಲ” ಎಂದರೆ ಕೆಳಗಿನಿಂದ ಉತ್ತರ ಬರುತ್ತಿತ್ತು: “ಹೆದರ್ಬೇಡಿ ಬಾಯಮ್ಮ. ಎಲ್ಲ ಹೋಗಲಿ. ಒರತೆಯ ಕಣ್ಣು ಬಿಡಿಸಬೇಕಲ್ಲ.”

ಪಾಪನಿವೇದನೆಯೆಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಬಾವಿಯನ್ನೇ ತೋರಿಸುತ್ತೇನೆ. ಮೇಲೆ ತಿಳಿಯಾಗಿ ಕಾಣುವುದನ್ನು ಕದಡುವ ಧೈರ್ಯ ಬೇಕು. ಕೊಳೆತದ್ದನ್ನು ಅದರದರ ಹೆಸರು ಹಿಡಿದು ಬೆಳಕಿಗೆ ಎತ್ತಬೇಕು. ಗುರುಗಳ ಮುಂದೆ ಮೊಣಕಾಲೂರಿ ಹೇಳುವ ಆ ಕೆಲವು ಮಾತುಗಳು ತುಂಬ ಭಾರ, ಏಕೆಂದರೆ ಅವು ತಳದಿಂದ ಬರಬೇಕು. ಅಷ್ಟು ಮಾಡಿ ಮುಗಿಸಿದರೂ ಹೊಸ ನೀರನ್ನು ನಾವು ತಂದು ತುಂಬುವುದಿಲ್ಲ. ಆಳು ಹೊರಗೆ ಬಂದ ಮೇಲೆ ಎಲ್ಲರೂ ಸುಮ್ಮನೆ ಕಾಯುತ್ತಾರೆ. ಸಂಜೆಯೊಳಗೆ ಕಲ್ಲಿನ ಸೆರೆಯಿಂದ ಬೆರಳು ದಪ್ಪದ ಧಾರೆ ಜಿನುಗಿ, ರಾತ್ರಿಯಿಡೀ ತುಂಬಿ, ಬೆಳಗ್ಗೆ ಆಕಾಶ ಕಾಣುವಷ್ಟು ತಿಳಿಯಾಗಿರುತ್ತದೆ. ಹೂಳು ತೆಗೆಯುವುದು ನಮ್ಮದು, ಒರತೆ ದೇವರದು. ಇವೆರಡನ್ನು ಅದಲುಬದಲು ಮಾಡಿಕೊಂಡವರು ಒಂದೋ ತಮ್ಮ ಪುಣ್ಯದ ಲೆಕ್ಕದಲ್ಲಿ ದಣಿಯುತ್ತಾರೆ, ಇಲ್ಲವೇ ತಮ್ಮ ಪಾಪದ ಲೆಕ್ಕದಲ್ಲಿ ಮುಳುಗುತ್ತಾರೆ.

ಹಾಗೆ ಹೊರಗೆ ತೆಗೆದ ಕೆಸರು ಏನಾಗುತ್ತದೆ? ನಮ್ಮಲ್ಲಿ ಅದು ತೆಂಗಿನ ಬುಡಕ್ಕೆ ಹೋಗುತ್ತದೆ. ಕೊಳೆಯುವುದರಲ್ಲಿ ಮಣ್ಣಿಗೆ ಬೇಡವಾದದ್ದು ಎಂಬುದಿಲ್ಲ. ಸಗಣಿ, ಸತ್ತ ಹುಳ, ಉದುರಿದ ಹೂ, ಕೊಳೆತ ಹಣ್ಣು, ಕೊನೆಗೆ ನಮ್ಮ ಮೈ, ಎಲ್ಲವನ್ನೂ ಅದು ಒಳಗೆ ತೆಗೆದುಕೊಳ್ಳುತ್ತದೆ. ಉಡುಪಿಯ ಬಳಿಯ ಶಂಕರಪುರದಲ್ಲಿ ಕ್ರೈಸ್ತ ಮನೆಗಳ ಹಿತ್ತಿಲುಗಳಲ್ಲಿ ಬೆಳೆಯುವ ಮಲ್ಲಿಗೆಯನ್ನು ನೋಡಿದವರಿಗೆ ಇದು ಗೊತ್ತು. ನೆಲಗಡಲೆ ಹಿಂಡಿ, ಬೇವಿನ ಹಿಂಡಿ, ಸಗಣಿಯನ್ನು ನೀರಲ್ಲಿ ಕೊಳೆಹಾಕಿ ಬುಡಕ್ಕೆ ಹೊಯ್ಯುವ ದಿನ ಆ ಹಿತ್ತಿಲ ಹತ್ತಿರ ಮೂಗು ಮುಚ್ಚದೆ ಸುಳಿಯುವಂತಿಲ್ಲ. ಅದೇ ಗಿಡದ ಮೊಗ್ಗನ್ನು ಬೆಳ್ಳಂಬೆಳಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಹೂ ಮಾರುವ ಕಟ್ಟೆಗೆ ಕಳಿಸಿದರೆ ಅದು ದೇವಸ್ಥಾನಕ್ಕೆ, ದೈವದ ಕೋಲಕ್ಕೆ, ಮದುಮಗಳ ಜಡೆಗೆ, ಇಗರ್ಜಿಯ ಪೀಠಕ್ಕೆ ಹೋಗುತ್ತದೆ. ಮೊದಲ ಮಳೆಗೆ ಏಳುವ ಮಣ್ಣಿನ ಪರಿಮಳಕ್ಕೂ ಮೂಲ ಇಂಥದ್ದೇ. ಕೊಳೆತದ್ದನ್ನು ತಿಂದು ಅರಗಿಸುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಹೊರಬಿಡುವ ಜಿಯೋಸ್ಮಿನ್ ಎಂಬ ವಸ್ತು ಅದು. ಹೊಲಸನ್ನು ಹೊತ್ತು ಅರಗಿಸಿಕೊಂಡವೇ ಆ ಸುಗಂಧವನ್ನು ಕೊಟ್ಟವು.

ಕ್ಷಮೆ ನೀರಿನ ಹಾಗೆ ಕೂಡಲೇ ತೊಳೆದು ಹೋಗುವುದಷ್ಟೇ ಅಲ್ಲ, ಮಣ್ಣಿನ ಹಾಗೆ ನಿಧಾನವಾಗಿ ಮಾಗಿಸುವುದೂ ಹೌದು ಎಂದು ಇದರಿಂದ ನನಗೆ ಸಮಾಧಾನವಾಗುತ್ತದೆ. ಕೆಲವು ಗಾಯಗಳನ್ನು ಮರೆಯಿರಿ ಎಂದು ಹೇಳುವುದು ಕ್ರೂರ. ಪುನರುತ್ಥಾನರಾದ ಯೇಸುಸ್ವಾಮಿಯ ಕೈಗಳಲ್ಲೂ ಮೊಳೆಯ ಗಾಯಗಳು ಉಳಿದಿದ್ದವು. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿಗೆ ಚಳಿ ಕಾಯಿಸಿಕೊಳ್ಳುತ್ತ ಮೂರು ಸಲ ಅವರನ್ನು ಅರಿಯೆನೆಂದ ಪೇತ್ರನನ್ನು ಅವರು ಎದುರು ಕೂರಿಸಿಕೊಂಡದ್ದು ತಿಬೇರಿಯ ಸರೋವರದ ದಡದಲ್ಲಿ, ನಸುಕಿನಲ್ಲಿ. ಅಲ್ಲೂ ಇದ್ದಲ ಬೆಂಕಿ ಇತ್ತು, ಮೇಲೆ ಮೀನು ಬೇಯುತ್ತಿತ್ತು. ಊಟ ಮಾಡಿಸಿ, ಮೂರು ಸಲ ಪ್ರೀತಿಯನ್ನು ಕೇಳಿ, ಮೂರು ಸಲ ಕೆಲಸ ಒಪ್ಪಿಸಿದರು. ಆದದ್ದು ಆಗಲೇ ಇಲ್ಲವೆಂದು ನಟಿಸಲಿಲ್ಲ. ಅದೇ ಹೊಗೆ, ಅದೇ ಕಿಚ್ಚಿನ ಎದುರಿಗೆ ಕೂರಿಸಿ, ನಾಚಿಕೆಯ ನೆನಪನ್ನೇ ಪ್ರೀತಿಯ ನೆನಪಾಗಿ ಮಾಗಿಸಿದರು.

ಮನುಷ್ಯರಿಂದ ಇದು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ದೇಶದಲ್ಲೇ ಉತ್ತರವಿದೆ. ಕೇರಳದ ಪುಲ್ಲುವಳಿಯ ಸಿಸ್ಟರ್ ರಾಣಿ ಮರಿಯಾ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸನ್ಯಾಸಿನಿ. ಮಧ್ಯಪ್ರದೇಶದ ಉದಯನಗರದಲ್ಲಿ ಬಡ ರೈತರನ್ನು ಬಡ್ಡಿ ಸಾಲದ ಉರುಳಿನಿಂದ ಬಿಡಿಸಲು ದುಡಿಯುತ್ತಿದ್ದರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಸಮಂದರ್ ಸಿಂಗ್ ಎಂಬಾತ ಅವರನ್ನು ಇರಿದು ಕೊಂದ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅದೇ ಸಭೆಯ ಸನ್ಯಾಸಿನಿಯಾದ ರಾಣಿ ಮರಿಯಾರ ತಂಗಿ ಸೆಲ್ಮಿ ಪೌಲ್ 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಆಮೇಲೆ ತಾಯಿಯೂ ಹೋದರು. ಮಗಳನ್ನು ಇರಿದ ಆ ಎರಡು ಕೈಗಳನ್ನು ಹಿಡಿದು ಮುತ್ತಿಟ್ಟರು, ಮಗಳ ನೆತ್ತರು ಹರಿದ ಕೈಗಳೆಂದು. ಮನೆಯವರೇ ಕರುಣೆ ತೋರಿಸಬೇಕೆಂದು ಬೇಡಿಕೊಂಡ ಮೇಲೆ 2006ರಲ್ಲಿ ಅವನ ಬಿಡುಗಡೆಯಾಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಧನ್ಯರೆಂದು ಘೋಷಿಸಿದಾಗ ಅಲ್ಲಿ ಸೇರಿದವರಲ್ಲಿ ಅವನೂ ಇದ್ದ.

ಆ ತಾಯಿಯ ಬಗ್ಗೆ ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ಕ್ಷಮಿಸಿದ್ದೇನೆ ಎಂದು ಪತ್ರ ಬರೆದು ಕಳಿಸಿದ್ದರೂ ಲೋಕ ಕೈಮುಗಿಯುತ್ತಿತ್ತು. ಆಕೆ ಹೋಗಿ ಆ ಕೈಗಳನ್ನು ಮುಟ್ಟಿದರು. ಆ ಕೈಗಳ ಕೊಳೆಯನ್ನು ತುಟಿಯಿಂದ ತೆಗೆದುಕೊಂಡರು. ತೊಳೆಯುವ ನೀರು ಕೊಳೆಯಿಂದ ದೂರ ನಿಂತು ತೊಳೆಯಲಾರದು ಎಂಬುದನ್ನು ಯಾವ ಧರ್ಮಶಾಸ್ತ್ರಜ್ಞನೂ ಇದಕ್ಕಿಂತ ಚೆನ್ನಾಗಿ ಹೇಳಲಾರ. ನೋವು ಅವರದೇ ಆಗಿ ಉಳಿಯಿತು, ಬಿಡುಗಡೆ ಅವನದಾಯಿತು. ಕಲ್ವಾರಿಯಲ್ಲಿ ನಡೆದದ್ದೂ ಇದೇ ವಿನಿಮಯ.

ಪಡೆದ ಕ್ಷಮೆ ಪಡೆದವರಲ್ಲೇ ನಿಂತರೆ ಕೆಡುತ್ತದೆ ಎಂಬುದನ್ನು ನಮ್ಮ ಅಳಿವೆಗಳು ಹೇಳುತ್ತವೆ. ಕರಾವಳಿಯ ಸಣ್ಣ ಹೊಳೆಗಳ ಅಳಿವೆ ಬಾಗಿಲು ಬೇಸಗೆಯಲ್ಲಿ ಮರಳು ಕಟ್ಟಿ ಮುಚ್ಚಿಕೊಳ್ಳುವುದುಂಟು. ಹೊಳೆಗೆ ಹೊರಹೋಗಲು ದಾರಿಯಿಲ್ಲ. ಸಿಹಿನೀರು ಇದ್ದಲ್ಲೇ ನಿಂತು ಹಸಿರುಗಟ್ಟುತ್ತದೆ, ವಾಸನೆ ಹಿಡಿಯುತ್ತದೆ. ಮಳೆ ಬಂದು ಹೊಳೆ ತುಂಬಿದಾಗ ಒಡ್ಡು ತಾನೇ ಒಡೆಯುತ್ತದೆ, ಕೆಲವು ಕಡೆ ಊರವರೇ ಹಾರೆ ಗುದ್ದಲಿ ಹಿಡಿದು ಕಡಿದುಬಿಡುತ್ತಾರೆ. ಒಂದು ಕಾಲುವೆಯಷ್ಟು ದಾರಿ ಸಿಕ್ಕರೆ ಸಾಕು, ಗಳಿಗೆಯೊಳಗೆ ಹೊಳೆಯಿಡೀ ಉಸಿರಾಡತೊಡಗುತ್ತದೆ. ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಒಬ್ಬ ಸೇವಕನಿಗೆ ಒಡೆಯ ಹತ್ತು ಸಾವಿರ ತಲೆಂತುಗಳ ಸಾಲ ಬಿಟ್ಟುಕೊಟ್ಟ. ಅದು ಕೂಲಿಯಾಳೊಬ್ಬನ ಸುಮಾರು ಆರು ಕೋಟಿ ದಿನಗಳ ಸಂಬಳ. ಹೊರಗೆ ಬಂದ ಸೇವಕ ತನಗೆ ನೂರು ದಿನಗಳ ಕೂಲಿಯಷ್ಟು ಕೊಡಬೇಕಾಗಿದ್ದ ಜೊತೆಗಾರನ ಕತ್ತು ಹಿಸುಕಿದ. ಕ್ಷಮೆ ಅವನೊಳಗೆ ಬಂದಿತ್ತು, ಅಳಿವೆ ಮುಚ್ಚಿತ್ತು. ಪ್ರತಿದಿನ ನಾವು ಹೇಳುವ ಕರ್ತರ ಪ್ರಾರ್ಥನೆಯಲ್ಲಿ ನಮಗೆ ಬೇಕಾದ ಕ್ಷಮೆಯನ್ನು ನಾವು ಇತರರಿಗೆ ಕೊಡುವ ಕ್ಷಮೆಯ ಜೊತೆ ಕಟ್ಟಿಯೇ ಕೊಟ್ಟಿದ್ದಾರೆ. ಆ ಸಾಲನ್ನು ಹೇಳುವಾಗ ನನ್ನ ದನಿ ಪ್ರತಿ ಸಲ ತುಸು ಇಳಿಯುತ್ತದೆ, ಇಳಿಯಲೇಬೇಕು.

ಪ್ರಕೃತಿಯಲ್ಲಿ ಕ್ಷಮೆಯ ಪಾಠ ಓದುವವರು ಅದರ ನೋವನ್ನೂ ಓದಬೇಕು. ನಮ್ಮ ಪಾಪಗಳನ್ನು ದೇವರು ಕಡಲಿನ ಆಳಕ್ಕೆ ಎಸೆದುಬಿಡುತ್ತಾರೆ ಎಂಬ ಭರವಸೆ ಪ್ರವಾದಿ ಮೀಕನ ಗ್ರಂಥದಲ್ಲಿದೆ. ಆ ಭರವಸೆ ನನಗೆ ಜೀವ. ಆದರೆ ನಾವು ಕಡಲಿಗೆ 
ಎಸೆದದ್ದನ್ನು ಕಡಲು ಮಳೆಗಾಲದ ಅಬ್ಬರದಲ್ಲಿ ಮರಳಿ ದಡಕ್ಕೆ ತಂದು ಹಾಕುತ್ತದೆ: ಬಾಟಲಿ, ಚಪ್ಪಲಿ, ಹರಿದ ಬಲೆ, ಪ್ಲಾಸ್ಟಿಕ್ ಚೀಲ. ಮಣ್ಣು ಸಗಣಿಯನ್ನು ಮಲ್ಲಿಗೆ ಮಾಡಬಲ್ಲದು, ಪ್ಲಾಸ್ಟಿಕ್ಕನ್ನು ಮಾಡಲಾರದು. ನೀರು ಕೊಳೆ ಹೊರುತ್ತದೆಂದು ಹೊಳೆಗೆ ಏನನ್ನಾದರೂ ಬಿಡಬಹುದೆಂದುಕೊಳ್ಳುವುದು, ದೇವರು ಕ್ಷಮಿಸುತ್ತಾರೆಂದು ಪಾಪವನ್ನು ಮುಂದುವರಿಸುವುದರ ಇನ್ನೊಂದು ರೂಪ. ಕಾನ್‌ಸ್ಟಾಂಟಿನೋಪಲ್‌ನ ಪಿತೃಪ್ರಧಾನ ಬಾರ್ತಲೋಮಿಯೊ 1997ರಲ್ಲಿ ಅಮೆರಿಕದ ಸಾಂತಾ ಬಾರ್ಬರಾದಲ್ಲಿ ಮಾತಾಡುತ್ತ ನೀರು, ನೆಲ, ಗಾಳಿಯನ್ನು ಕೆಡಿಸುವುದು ಪಾಪ ಎಂದು ನೇರವಾಗಿ ಸಾರಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸಿ’ ಎಂಬ ವಿಶ್ವಪತ್ರದಲ್ಲಿ ಆ ಮಾತನ್ನು ನೆನಪಿಸಿ ಸಭೆಗೆಲ್ಲ ಪರಿವರ್ತನೆಯ ಕರೆ ಕೊಟ್ಟರು. ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡಿಕೊಳ್ಳುವಾಗ ಹೊಳೆಗೆ ಬಿಟ್ಟದ್ದನ್ನೂ ನಾವು ನೆನೆಯಬೇಕು. ಜಕ್ಕಾಯ ಎಂಬ ಸುಂಕದವನು ಅತ್ತಿಯ ಜಾತಿಯ ಮರದಿಂದ ಇಳಿದು ಬಂದು ಕ್ಷಮೆಯ ಸಂತೋಷದಲ್ಲಿ ಮಾಡಿದ ಒಂದು ಕೆಲಸ, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುತ್ತೇನೆಂದು ಮಾತು ಕೊಟ್ಟದ್ದು. ತೊಳೆಯಲ್ಪಟ್ಟವರು ಕೆಡಿಸಿದ್ದನ್ನು ಸರಿಪಡಿಸಲು ಹೊರಡುತ್ತಾರೆ. ಹೊರಡದಿದ್ದರೆ ನೀರು ಮೈಗೆ ತಾಗಿತು, ಒಳಗಿಳಿಯಲಿಲ್ಲ ಎಂದೇ ಅರ್ಥ.

ಆ ವಿಶ್ವಪತ್ರದ ಹೆಸರು ಬಂದದ್ದು ಅಸ್ಸೀಸಿಯ ಸಂತ ಫ್ರಾನ್ಸಿಸರ ಸೃಷ್ಟಿಗೀತೆಯಿಂದ. 1225ರಲ್ಲಿ, ಕಣ್ಣು ಹೆಚ್ಚುಕಡಿಮೆ ಹೋಗಿ, ಮೈ ರೋಗದಿಂದ ಜರ್ಜರಿತವಾಗಿ, ಸಾನ್ ದಾಮಿಯಾನೊದಲ್ಲಿ ಮಲಗಿದ್ದಾಗ ಅವರು ಅದನ್ನು ಕಟ್ಟಿದರು. ಸೂರ್ಯ, ಚಂದ್ರ, ನಕ್ಷತ್ರ, ಗಾಳಿ, ನೀರು, ಬೆಂಕಿ, ಭೂಮಿ ಇವರೆಲ್ಲ ಅಣ್ಣತಮ್ಮ ಅಕ್ಕತಂಗಿಯರಾಗಿ ಅದರಲ್ಲಿ ಬರುತ್ತಾರೆ. ಮನುಷ್ಯ ಮಾತ್ರ ಬಂದಿರಲಿಲ್ಲ. ಅದೇ ಸಮಯಕ್ಕೆ ಅಸ್ಸೀಸಿಯ ಬಿಷಪರಿಗೂ ಊರಿನ ಆಡಳಿತಾಧಿಕಾರಿಗೂ ಜಗಳ ಹತ್ತಿತು. ಬಿಷಪರು ಆತನನ್ನು ಸಭೆಯಿಂದ ಹೊರಗಿಟ್ಟರು, ಆತ ಬಿಷಪರಿಗೆ ಯಾರೂ ಏನನ್ನೂ ಮಾರಕೂಡದು, ಅವರಿಂದ ಕೊಳ್ಳಕೂಡದು ಎಂದು ಡಂಗುರ ಹೊಡೆಸಿದ. ಇದನ್ನು ಕೇಳಿ ನೊಂದ ಫ್ರಾನ್ಸಿಸರು ತಮ್ಮ ಹಾಡಿಗೆ ಒಂದು ನುಡಿ ಸೇರಿಸಿದರು. ದೇವರ ಪ್ರೀತಿಗಾಗಿ ಕ್ಷಮಿಸುವವರನ್ನು, ನೋವನ್ನು ಸಹಿಸುವವರನ್ನು ಹೊಗಳುವ ನುಡಿ ಅದು. ಸೋದರರನ್ನು ಕಳಿಸಿ ಬಿಷಪರ ಅಂಗಳದಲ್ಲಿ ಇಬ್ಬರ ಎದುರಿಗೂ ಅದನ್ನು ಹಾಡಿಸಿದರು. ಆಡಳಿತಾಧಿಕಾರಿ ಕಣ್ಣೀರು ಸುರಿಸುತ್ತ ಬಿಷಪರ ಕಾಲಿಗೆ ಬಿದ್ದ. ಬಿಷಪರು ಅವನನ್ನು ಎತ್ತಿ ಅಪ್ಪಿಕೊಂಡರು.

ಈ ಪ್ರಸಂಗದ ತೂಕ ನನಗೆ ದಿನ ಹೋದಂತೆ ಹೆಚ್ಚುತ್ತಿದೆ. ಸೂರ್ಯ ಬೆಳಗಿದರೆ ಸಾಕು, ನೀರು ಹರಿದರೆ ಸಾಕು, ಭೂಮಿ ಹಣ್ಣು ಹೂ ಬಿಟ್ಟರೆ ಸಾಕು, ಅವು ಆ ಹಾಡಿಗೆ ಸೇರಿದವು. ಮನುಷ್ಯ ಸೇರಿದ್ದು ಅವನ ಬುದ್ಧಿಗಾಗಿ ಅಲ್ಲ, ಅವನು ಕಟ್ಟಿದ ನಗರಗಳಿಗಾಗಿಯೂ ಅಲ್ಲ. ಕ್ಷಮಿಸುವವನಾದಾಗ ಅವನಿಗೆ ಅಲ್ಲಿ ಜಾಗ ಸಿಕ್ಕಿತು. ನೀರಿಗೆ ಹರಿಯುವುದು ಹೇಗೋ ಹಾಗೆ ನಮಗೆ ಕ್ಷಮಿಸುವುದು. ನಾವು ಸೃಷ್ಟಿಯ ಜೊತೆ ದನಿಗೂಡಿಸುವ ಬಗೆ ಅದು, ಇತರರ ಕೊಳೆಯನ್ನು ಒಂದಿಷ್ಟು ನಮ್ಮ ಮೇಲೆ ಹಾಕಿಕೊಂಡು ಅವರನ್ನು ಬಿಟ್ಟುಕೊಡುವುದು.

ಬಲಿಪೀಠಕ್ಕೆ ಕಾಣಿಕೆ ತಂದಾಗ ಸೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗಿ ಬಾ ಎಂಬುದು ಯೇಸುಸ್ವಾಮಿಯ ಕಟ್ಟಪ್ಪಣೆ. ದೇವರು ತಮ್ಮ ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಿ ಕಾಯಲು ಸಿದ್ಧರಿದ್ದಾರೆ. ಗದ್ದೆಯ ಅಂಚಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು, ಚಿನ್ನದ ಪಾಲಿಗಾಗಿ ಮನೆಗೆ ಹೋಗುವುದನ್ನು ನಿಲ್ಲಿಸಿದ ಅಕ್ಕತಂಗಿಯರು ನಮ್ಮ ಇಗರ್ಜಿಯ ಒಂದೊಂದು ವಾಳೆಯಲ್ಲೂ ಇದ್ದಾರೆ. ಒಂದೇ ಇಗರ್ಜಿಯಲ್ಲಿ, ಬೇರೆ ಬೇರೆ ಸಾಲಿನಲ್ಲಿ ಕೂತು, ಒಂದೇ ರೊಟ್ಟಿಯನ್ನು ಸ್ವೀಕರಿಸಿ, ಬೇರೆ ಬೇರೆ ಬಾಗಿಲಿನಿಂದ ಮನೆಗೆ ಹೋಗುತ್ತಾರೆ. ಅವರಿಗೂ ನನಗೂ ನಾನು ಹೇಳಿಕೊಳ್ಳುವುದು ಇಷ್ಟೆ. ನಮ್ಮ ಕೊಳೆಯನ್ನು ಹೊತ್ತವರು ಒಬ್ಬರಿದ್ದಾರೆ. ಆದುದರಿಂದ ಇನ್ನೊಬ್ಬರದನ್ನು ಹೊರುವ ಶಕ್ತಿ ನಮಗೆ ಬಂದಿದೆ. ಯಾರು ಮೊದಲು ಹೋಗಬೇಕು ಎಂದು ಲೆಕ್ಕ ಹಾಕುತ್ತ ಕೂರಬೇಡಿ, ನೀವೇ ಹೋಗಿ. ಈ ಭಾನುವಾರದ ಬಲಿಪೂಜೆಗಿಂತ ಮೊದಲೇ ಹೋಗಿ, ಬಾಗಿಲು ಬಡಿದು, ಹೆಸರು ಹಿಡಿದು ಕರೆಯಿರಿ.